ಆ ಅರ್ಧ ಗಂಟೆ ಕೊಟ್ಟ ಅಕ್ಕನಿಗೆ

ಅಮೆರಿಕದ ಡಲ್ಲಾಸ್‌ನ ಆಸ್ಪತ್ರೆಯಲ್ಲಿ ನನ್ನದು ಸಂಜೆ 7ರಿಂದ ಬೆಳಿಗ್ಗೆ 7ರ ಪಾಳಿ. ಜೊತೆಗೆ ಆನ್‌ಲೈನ್‌ನಲ್ಲಿ ಬಿಎಸ್‌ಎನ್ (ನರ್ಸಿಂಗ್ ಪದವಿ) ಓದು. ಅಸೈನ್‌ಮೆಂಟ್ ಕಳಿಸಲು ಗಡುವು ಭಾನುವಾರ ರಾತ್ರಿ 11:59, ಅಂದರೆ ಪಾಳಿಯ ನಟ್ಟನಡುವೆ! ಓದು ಬಿಟ್ಟೇಬಿಡೋಣ ಅನ್ನಿಸಿತ್ತು.

ಪಕ್ಕದ ವಾರ್ಡಿನ ನೀವು ನಮ್ಮ ಭಾಷೆಯವರಲ್ಲ, ಆದರೂ ಬಾಯಿಗೆ ಅಕ್ಕ ಅಂತಲೇ ಬರುತ್ತದೆ. ಪ್ರತಿ ಭಾನುವಾರ ನಿಮ್ಮ ಬ್ರೇಕ್ ಮುಂದಕ್ಕೆ ಹಾಕಿ, ಅರ್ಧ ಗಂಟೆ ನನ್ನ ನಾಲ್ಕು ರೋಗಿಗಳನ್ನೂ ನೋಡಿಕೊಂಡು, "ಹೋಗು, ಮುಗಿಸಿ ಬಾ" ಅಂದಿರಿ. ನವೆಂಬರ್‌ನಲ್ಲಿ ಇಲ್ಲಿನ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಸರಿದು ಪಾಳಿ 13 ಗಂಟೆಯಾದ ರಾತ್ರಿ, ಬೆಳಿಗ್ಗೆ ನನಗೆ ಕಾರಿನ ಕೀಲಿ ಕೊಡದೆ ನೀವೇ ಮನೆಗೆ ಬಿಟ್ಟಿರಿ. ಅದನ್ನು ಹೇಳಿದಾಗ ಹಾಸನದಲ್ಲಿ ಅಮ್ಮ ಫೋನಿನಲ್ಲೇ ಅತ್ತಳು.

ಕಳೆದ ವಾರ ಡಿಗ್ರಿ ಕೈಗೆ ಬಂತು. ಹೆಸರು ಬರೆಯಬೇಡ ಅಂದಿರಿ, ಬರೆದಿಲ್ಲ. ಧನ್ಯವಾದ ಅಕ್ಕಾ.