ತೋಟಕ್ಕೆ ಬರುವ ಮೊದಲು

ಪೆರ್ಲ, ಕಾಸರಗೋಡು ಜಿಲ್ಲೆ, ಕೇರಳ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ಬೆಂಗಳೂರು ಬಿಟ್ಟು ಬಂದು ಅಡಿಕೆ ತೋಟ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆದರೆ ನಿನ್ನ ಲೆಕ್ಕದಲ್ಲಿ ಒಂದು ಸಾಲು ನನಗೆ ಸರಿ ಕಾಣಲಿಲ್ಲ. ‘ಕೆಲಸಕ್ಕೆ ಬಂಗಾಳ, ಬಿಹಾರದವರು ಹೇಗೂ ಸಿಗುತ್ತಾರೆ’ ಅಂದಿದ್ದೀಯಲ್ಲ, ಅದು.

ನಮ್ಮ ಮನೆಯನ್ನೇ ನೋಡು ಮಾರಾಯ. ನಿನ್ನಜ್ಜಿಗೆ ನಾವು ಏಳು ಮಕ್ಕಳು. ನನಗೆ ಇಬ್ಬರು. ನಿನ್ನಮ್ಮನಿಗೆ ನೀನೊಬ್ಬ. ಅಡಿಕೆ ತೆಗೆಯಲು ಬರುತ್ತಿದ್ದವರ ಮನೆಗಳಲ್ಲೂ ಇದೇ ಕತೆ. ಮಗ ಗಲ್ಫಿನಲ್ಲಿ, ಮಗಳು ನರ್ಸ್. ಈಗಿನವರು ಸೋಮಾರಿಗಳು ಅಂತ ಪೇಟೆಯಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಟ್ಟಿದವರೇ ಕಡಿಮೆ, ಹುಟ್ಟಿದವರು ಓದಿದರು. ಒಳ್ಳೆಯದೇ ಅಲ್ವಾ? ಕೇರಳದಲ್ಲಿ ತಾಯಿಗೆ ಸರಾಸರಿ ಎರಡೇ ಮಕ್ಕಳು ಎಂಬ ಹಂತ 1980ರ ದಶಕದ ಕೊನೆಗೇ ಬಂದಿತ್ತು.

ಆ ಜಾಗಕ್ಕೆ ಹೊರಗಿನವರು ಬಂದರು. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ 2022-23ರಲ್ಲಿ ಕೃಷಿ ಕೂಲಿ ಕೇರಳದಲ್ಲಿ ದಿನಕ್ಕೆ ಸುಮಾರು 764 ರೂಪಾಯಿ, ದೇಶದ ಸರಾಸರಿ 345. ಬಾರದೆ ಇರುತ್ತಾರಾ? ಆದರೆ ಅವರ ಊರಿನ ತೊಟ್ಟಿಲುಗಳೂ ಖಾಲಿಯಾಗುತ್ತಿವೆ. ಬಿಹಾರದಲ್ಲಿ 2005-06ರಲ್ಲಿ ತಾಯಿಗೆ ಸರಾಸರಿ 4 ಮಕ್ಕಳಿದ್ದರೆ, 2019-21ಕ್ಕೆ 3. ಬಂಗಾಳದಲ್ಲಿ 1.6. ಕೇರಳದ 1.8ಕ್ಕಿಂತಲೂ ಕಡಿಮೆ!

ಕಳೆದ ಆಟಿ ತಿಂಗಳಲ್ಲಿ, ಮಳೆಗಾಲದ ನಡುವೆ, ಅಡಿಕೆ ಮರಗಳಿಗೆ ಮದ್ದು ಬಿಡಲು ಬಂಗಾಳದ ಮುರ್ಷಿದಾಬಾದಿನ ಹುಡುಗ ಬಂದಿದ್ದ. ದಿನವಿಡೀ ದೋಟಿಯ ಉದ್ದ ಕೋಲು ಹಿಡಿದು ಮೇಲೆ ನೋಡಿ ನೋಡಿ ಕುತ್ತಿಗೆ ಸೆಟೆದುಕೊಂಡಿತ್ತು. ಗಂಜಿಗೆ ಕೂತಾಗ, ಸುಣ್ಣ ಮೈಲುತುತ್ತು ಮೆತ್ತಿದ್ದ ಕೈಯನ್ನು ಎರಡೆರಡು ಸಲ ತೊಳೆದು, ಫೋನಿನಲ್ಲಿ ಮಗಳ ಫೋಟೋ ತೋರಿಸಿದ. ಎರಡು ಜಡೆ, ಸ್ಕೂಲ್ ಯೂನಿಫಾರ್ಮ್. ‘ಒಬ್ಬಳೇ ಸಾಕು, ಚೆನ್ನಾಗಿ ಓದಿಸಬೇಕು’ ಎಂದು ತನ್ನ ಹರಕು ಮಲಯಾಳದಲ್ಲಿ ಹೇಳಿದ. ನನಗೆ ನಿನ್ನಮ್ಮನದೇ ಮಾತು ಕೇಳಿದಂತಾಯಿತು. ಆ ಮಗು ನಮ್ಮ ತೋಟಕ್ಕೆ ಬರುವುದಿಲ್ಲ, ಬರಲೂಬಾರದು.

ಹಾಗಾಗಿ ದೋಟಿ ಹಿಡಿಯಲು ನೀನೇ ಕಲಿ. ಹೊಸ ಸಸಿ ಇಡುವಲ್ಲಿ ಗಿಡ್ಡ ತಳಿ ಇಡು, ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯಲ್ಲಿ ಕೇಳು. ಇವತ್ತು ಇಟ್ಟ ಗಿಡದ ಅಡಿಕೆ ತೆಗೆಯುವ ಕಾಲಕ್ಕೆ ಕೆಲಸದವರು ಇನ್ನೂ ಕಡಿಮೆ ಇರುತ್ತಾರೆ. ಇರುವವರನ್ನು ಚೆನ್ನಾಗಿ ನೋಡಿಕೋ. ಹಳೇ ಕೊಟ್ಟಿಗೆಯಲ್ಲಿ ಮಲಗಿಸುವ ಯೋಚನೆ ಬಿಡು. ಅವರಿಗೊಂದು ಕೋಣೆ, ಫ್ಯಾನು, ಕಕ್ಕೂಸು ಮೊದಲು ಆಗಲಿ. ಅಡಿಕೆ ಒಣಗಿಸುವ ಡ್ರೈಯರ್ ಆಮೇಲೆ ತಗೊಳ್ಳೋಣ. ಕೋಣೆಗೆ ಬೇಕಾದ ಕಲ್ಲು ನಾನು ತರಿಸಿ ಇಡುತ್ತೇನೆ.

ಮಳೆ ಹಿಡಿಯುವ ಮೊದಲು ಬಾ. ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ.

ನಿನ್ನ ಮಾವ