ಖಾಲಿ ಟ್ಯಾಂಕಿಗೆ ಆಮೆಮರಿ ಉತ್ತರವಲ್ಲ

ಸಂಪಾದಕರಿಗೆ ನಮಸ್ಕಾರ,

ಮೀನು ಸಾಕಿ ಬಿಟ್ಟ ಎರಡಡಿ ಟ್ಯಾಂಕ್ ಒಂದು ಸುಮ್ನೆ ಬಿದ್ದಿದೆ, ಅದರಲ್ಲಿ ಯಾವ ಸರೀಸೃಪ ಸಾಕಬಹುದು ಅಂತ ಓದುಗರೊಬ್ಬರು ನಿಮ್ಮ ಪುರವಣಿಯಲ್ಲಿ ಕೇಳಿದ್ದರು. ಚಿಕ್ಕ ಆಮೆಮರಿ ತನ್ನಿ, ಜಾಸ್ತಿ ಕೆಲಸ ಇರುವುದಿಲ್ಲ ಎಂದು ನಿಮ್ಮ ಅಂಕಣದಲ್ಲಿ ಉತ್ತರ ಬಂತು. ಆ ಟ್ಯಾಂಕಿಗೆ ಇದಕ್ಕಿಂತ ತಪ್ಪಾದ ಪ್ರಾಣಿ ಹುಡುಕುವುದು ಕಷ್ಟ. ಉತ್ತರ ಓದಿದವರು ಮರಿ ತರುವ ಮೊದಲೇ ಇದು ಅವರ ಕಣ್ಣಿಗೆ ಬೀಳಲಿ ಅಂತ ಈ ಪತ್ರ.

ಅಂಗಡಿಗಳಲ್ಲಿ ಕಾಣುವ ಹಸಿರು ಚಿಪ್ಪಿನ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆ ಮರಿ ಬಹುಪಾಲು ರೆಡ್ ಇಯರ್ಡ್ ಸ್ಲೈಡರ್. ತಂದಾಗ ಚಿಪ್ಪು ಮೂರು ಸೆಂಟಿಮೀಟರ್ ಇರಬಹುದು. ಹೆಣ್ಣಾದರೆ ಅದೇ ಚಿಪ್ಪು ಬೆಳೆದು 25–30 ಸೆಂ.ಮೀ. ಆಗುತ್ತದೆ, ಆಯಸ್ಸು ಇಪ್ಪತ್ತು ಮೂವತ್ತು ವರ್ಷ. ಸಾಕುವವರ ನಡುವೆ ಒಂದು ರೂಢಿಯ ಲೆಕ್ಕ ಇದೆ: ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 38 ಲೀಟರ್ ನೀರು. ಹತ್ತಿಂಚಿನ ಆಮೆಗೆ 380 ಲೀಟರ್ ಆಯಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತುಂಬಿ ತುಳುಕಿದರೂ ಹಿಡಿಯುವುದು ಸುಮಾರು 57 ಲೀಟರ್. ಅದರಲ್ಲೇ ಆಮೆ ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ಒಣ ಜಾಗ ಬೇಕು, ಅದಕ್ಕೆ ಮೇಲೊಂದು ದೀಪ ಬೇಕು, ಜೊತೆಗೆ ಮೀನಿಗಿಂತ ಎಷ್ಟೋ ಪಟ್ಟು ಗಲೀಜು ಮಾಡುವ ಪ್ರಾಣಿಗೆ ತಕ್ಕ ಫಿಲ್ಟರ್ ಬೇಕು. ಇದು ಕೆಲಸ ಇಲ್ಲದ ಪ್ರಾಣಿಯೇ?

ಟ್ಯಾಂಕ್ ಚಿಕ್ಕದಾದರೆ ಪ್ರಾಣಿಯೂ ಅಷ್ಟಕ್ಕೇ ಬೆಳೆದು ನಿಲ್ಲುತ್ತದೆ ಎನ್ನುವವರು ಇನ್ನೂ ಇದ್ದಾರೆ. ಹಾಗೆ ನಿಲ್ಲುವುದಿಲ್ಲ. ಇಕ್ಕಟ್ಟಿನಲ್ಲಿ, ಕೊಳಕು ನೀರಿನಲ್ಲಿ, ಸರಿಯಾದ ಬೆಳಕಿಲ್ಲದೆ ಬೆಳೆದರೆ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ, ಅದು ರೋಗ. ಇನ್ನು ಬೇಡವಾದ ದೊಡ್ಡ ಆಮೆಯನ್ನು ಕೆರೆಗೋ ಹೊಳೆಗೋ ಬಿಟ್ಟುಬರುವವರಿಂದಾಗಿ ಈ ಆಮೆ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ ಸೇರಿಕೊಂಡಿದೆ. ಯುರೋಪಿಯನ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ಅಮೆರಿಕದಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದಕ್ಕೆ 1975ರಿಂದ ನಿಷೇಧ ಇದೆ. ಕಾರಣ ಮಕ್ಕಳು. ಪುಟ್ಟ ಆಮೆಯನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹತ್ತುತ್ತದೆ. ಆಮೆ ಒಂದೇ ಅಂತಲ್ಲ, ಯಾವ ಸರೀಸೃಪ ಮುಟ್ಟಿದರೂ ಕೈ ಸೋಪು ಹಾಕಿ ತೊಳೆಯಬೇಕು.

ಹಾಗಾದರೆ ಆ ಟ್ಯಾಂಕಿಗೆ ಏನು ತರೋದು? ನಿಜ ಹೇಳಬೇಕೆಂದರೆ ಟ್ಯಾಂಕ್ ಇದೆ ಅಂತ ಪ್ರಾಣಿ ಹುಡುಕುವುದೇ ಗುಂಡಿ ಸಿಕ್ಕಿತು ಅಂತ ಅಂಗಿ ಹೊಲಿಸಲು ಹೊರಟ ಹಾಗೆ, ಏಕೆಂದರೆ ಒಟ್ಟು ಖರ್ಚಿನಲ್ಲಿ ಗಾಜಿನ ಪೆಟ್ಟಿಗೆಯದು ಚಿಕ್ಕ ಪಾಲು, ದೀಪ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಆಹಾರ, ಸರೀಸೃಪ ನೋಡುವ ಪಶುವೈದ್ಯರ ಫೀಸು ಇವುಗಳೇ ವರ್ಷಗಟ್ಟಲೆ ನಡೆಯುತ್ತವೆ. ಆದರೂ ಜನ ಶುರು ಮಾಡುವುದೇ ಇಲ್ಲಿಂದ, ಅದನ್ನು ಒಪ್ಪಿಕೊಂಡೇ ಮಾತಾಡೋಣ.

ಮೊದಲು ಲೀಟರ್ ಲೆಕ್ಕ ಬಿಡಿ. ಅದು ನೀರಿನಲ್ಲಿ ಬದುಕುವ ಪ್ರಾಣಿಗಳ ಲೆಕ್ಕ. ನೆಲದಲ್ಲಿ ಓಡಾಡುವ ಪ್ರಾಣಿಗೆ ತಳದ ಉದ್ದ ಅಗಲ ಮುಖ್ಯ, ಹತ್ತುವ ಪ್ರಾಣಿಗೆ ಎತ್ತರ. ಆರು ಮೂಲೆಯ ಎತ್ತರದ ಟ್ಯಾಂಕ್ ನೂರು ಲೀಟರ್ ಹಿಡಿದರೂ ನೆಲದ ಹಲ್ಲಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಆಮೇಲೆ ಬಿಸಿ. ಎಲ್ಲರೂ ಎಡವುವುದು ಇಲ್ಲೇ. ಸರೀಸೃಪದ ಮೈ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುವುದಿಲ್ಲ, ಬೆಚ್ಚಗಿನ ಜಾಗಕ್ಕೂ ತಣ್ಣನೆ ಜಾಗಕ್ಕೂ ಓಡಾಡುತ್ತಾ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ತುದಿ 32 ಡಿಗ್ರಿ ಇದ್ದರೆ ಇನ್ನೊಂದು ತುದಿ 25ರ ಆಸುಪಾಸಿನಲ್ಲಿ ಇರಬೇಕು. ಎರಡಡಿ ಟ್ಯಾಂಕಿನ ಒಂದು ತುದಿಗೆ ಜೋರು ಬಲ್ಬ್ ಹಾಕಿ, ಎರಡೂ ತುದಿಗೆ ಒಂದೊಂದು ಥರ್ಮಾಮೀಟರ್ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ ಕಾಣುವುದೇ ಜಾಸ್ತಿ. ಪಾಪ, ಆ ಪ್ರಾಣಿ ತಣ್ಣಗಾಗಲು ಎಲ್ಲಿಗೆ ಹೋಗಬೇಕು? ಪ್ರಾಣಿ ತರುವ ಮೊದಲು ಖಾಲಿ ಟ್ಯಾಂಕಿನಲ್ಲೇ ಒಂದು ವಾರ ಈ ಪರೀಕ್ಷೆ ಮಾಡಿದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಬಿಸಿಯಾಗುವ ಕೃತಕ ಕಲ್ಲು ಅಂತ ಒಂದು ಮಾರುತ್ತಾರಲ್ಲ, ಅದು ಬೇಡವೇ ಬೇಡ. ಹೊಟ್ಟೆ ಸುಟ್ಟುಕೊಂಡ ಪ್ರಾಣಿಗಳು ಎಷ್ಟೋ.

ಕಿಟಕಿ ಪಕ್ಕ ಇಟ್ಟರೆ ಬಿಸಿಲಾದರೂ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. ಎಲುಬು ಗಟ್ಟಿಯಾಗಲು ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಗಾಜು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. ಒಳಗೆ ಬರುವುದು ಬರೀ ಸೆಕೆ. ನೇರ ಬಿಸಿಲಿಗೆ ಇಟ್ಟ ಗಾಜಿನ ಪೆಟ್ಟಿಗೆಯಲ್ಲಿ ಪ್ರಾಣಿ ಸತ್ತೇಹೋಗಬಹುದು. ಯುವಿಬಿ ಟ್ಯೂಬ್ ಬೇಕಾದ ಪ್ರಾಣಿಗೆ ಟ್ಯೂಬೇ ಹಾಕಬೇಕು, ಗಾಜಿನ ಮುಚ್ಚಳ ತೆಗೆದು ಜಾಲರಿ ಮುಚ್ಚಳ ಮಾಡಿಸಬೇಕು. ಜಾಲರಿಯೂ ಒಂದಷ್ಟು ಕಿರಣ ತಿನ್ನುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಟ್ಯೂಬ್ ಉರಿಯುತ್ತಲೇ ಇದ್ದರೂ ಯುವಿಬಿ ಶಕ್ತಿ ಕಾಲಕ್ರಮೇಣ ಇಳಿಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು.

ಈಗ ಪ್ರಾಣಿಗಳಿಗೆ ಬರೋಣ. ಗಡ್ಡದ ಓತಿ ಥರ ಕಾಣುವ ಬಿಯರ್ಡೆಡ್ ಡ್ರ್ಯಾಗನ್ ಎಷ್ಟೇ ಸಾಧು ಇರಲಿ, ಬೆಳೆದರೆ ಬಾಲ ಸೇರಿ ಎರಡಡಿಯ ಹತ್ತಿರ ಬರುತ್ತದೆ, ಅಂದರೆ ಟ್ಯಾಂಕಿನಷ್ಟೇ ಉದ್ದ. ಅದಕ್ಕೆ ನಾಲ್ಕಡಿ ಉದ್ದ ಎರಡಡಿ ಅಗಲ ಬೇಕು. ಇಗ್ವಾನಾ ಎಂಬ ದೊಡ್ಡ ಹಲ್ಲಿಯ ಮಾತೇ ಬೇಡ, ಅದಕ್ಕೆ ಒಂದು ಕೋಣೆಯೇ ಬೇಕಾದೀತು. ಹಾವುಗಳಲ್ಲಿ ಕಾರ್ನ್ ಸ್ನೇಕ್ ಹೊಸಬರಿಗೆ ಒಳ್ಳೆಯದೇ, ಆದರೆ ಬೆಳೆದ ಹಾವಿಗೆ ನಾಲ್ಕಡಿ ಟ್ಯಾಂಕ್ ಬೇಕು, ಮುಚ್ಚಳದಲ್ಲಿ ಬೆರಳು ತೂರುವಷ್ಟು ಸಂದು ಇದ್ದರೂ ಅದು ಮನೆಯಿಡೀ ಸುತ್ತಾಡಲು ಹೊರಡುತ್ತದೆ, ಮೇಲಾಗಿ ಫ್ರೀಜರಿನಲ್ಲಿ ಸತ್ತ ಇಲಿ ಇಟ್ಟುಕೊಳ್ಳಲು ಮನೆಯವರೆಲ್ಲ ಒಪ್ಪಬೇಕಲ್ವಾ?

ಲೆಪರ್ಡ್ ಗೆಕೊ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಎಂಟು ಹತ್ತಿಂಚಿನ ನೆಲದ ಹಲ್ಲಿ. ಗೋಡೆ ಹತ್ತುವ ಹಲ್ಲಿಯ ಹಾಗೆ ಕಾಲಿಗೆ ಅಂಟು ಇಲ್ಲ, ಕಣ್ಣಿಗೆ ರೆಪ್ಪೆ ಇದೆ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಹೊರಗೆ ಬರುತ್ತದೆ. ಮುಂದೆ ಒಂದು ಮಿಡತೆ ಬಿಟ್ಟರೆ ಮೈಯೆಲ್ಲ ಕಲ್ಲಾಗಿ ನಿಂತು, ಬಾಲದ ತುದಿ ಮಾತ್ರ ಪಟಪಟ ಅಲುಗಿಸಿ, ಆಮೇಲೆ ಹಾರಿ ಹಿಡಿಯುತ್ತದೆ. ಒಂದು ಬೆಚ್ಚಗಿನ ಗೂಡು, ಒಂದು ತಣ್ಣನೆ ಗೂಡು, ನಡುವೆ ಒದ್ದೆ ಪಾಚಿ ತುಂಬಿದ ಮೂರನೆಯದು. ಮೂರನೆಯದು ಇಲ್ಲದಿದ್ದರೆ ಪೊರೆ ಬಿಡುವಾಗ ಬೆರಳುಗಳ ಸುತ್ತ ಚರ್ಮ ಸಿಕ್ಕಿಕೊಂಡು, ಒಣಗಿ ಬಿಗಿದು, ಬೆರಳೇ ಉದುರಬಹುದು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿಯೇ ಕೊಡಬೇಕು. ಎರಡಡಿ ಟ್ಯಾಂಕಿನಲ್ಲಿ ಮರಿ ಗೆಕೊ ಕೆಲವು ತಿಂಗಳು ಇರಬಹುದು, ಬೆಳೆದದ್ದಕ್ಕೆ ಮೂರಡಿ ಇದ್ದರೆ ಒಳ್ಳೆಯದು. ಹದಿನೈದು ಇಪ್ಪತ್ತು ವರ್ಷ ಬದುಕುವ ಪ್ರಾಣಿ, ಈಗ ಹೈಸ್ಕೂಲಿನಲ್ಲಿ ಇರುವ ಮಗುವಿಗೆ ಕೊಡಿಸಿದರೆ ಕೊನೆಗೆ ನೋಡಿಕೊಳ್ಳುವವರು ಅಪ್ಪ ಅಮ್ಮನೇ.

ಎರಡಡಿ ಟ್ಯಾಂಕೇ ಶಾಶ್ವತ ಮನೆ ಆಗಬೇಕು, ಬೇರೆ ಕೊಳ್ಳುವುದಿಲ್ಲ ಅಂದರೆ ಮೋರ್ನಿಂಗ್ (Mourning) ಗೆಕೊ ನೋಡಿ. ಬಾಲ ಸೇರಿ ಮೂರು ನಾಲ್ಕಿಂಚು ಅಷ್ಟೇ. ಅದು ಹತ್ತುವ ಹಲ್ಲಿ, ಹಾಗಾಗಿ ಟ್ಯಾಂಕನ್ನು ಚಿಕ್ಕ ಬದಿ ತಳವಾಗುವಂತೆ ನೆಟ್ಟಗೆ ನಿಲ್ಲಿಸಿ, ಎದುರಾಗುವ ತೆರೆದ ಬಾಯಿಗೆ ಬಾಗಿಲು ಕೂರಿಸಿ, ಗಾಳಿಗೆ ಸಣ್ಣ ಜಾಲರಿ ಕೊಟ್ಟು, ಒಳಗೆ ಕೊಂಬೆ ಗಿಡ ತುಂಬಿಸಬೇಕು. ಕೈಯಲ್ಲಿ ಹಿಡಿದು ಆಡುವ ಪ್ರಾಣಿ ಅಲ್ಲ, ನೋಡುವ ಪ್ರಾಣಿ. ಒಂದು ವಿಚಿತ್ರ ಗೊತ್ತಿರಲಿ: ಇವು ಬಹುತೇಕ ಎಲ್ಲವೂ ಹೆಣ್ಣು, ಗಂಡಿಲ್ಲದೆಯೇ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಒಂದನ್ನೇ ತಂದರೂ ಮುಂದೆ ಸಂಸಾರ ಬೆಳೆಯುತ್ತದೆ. ಮೊಟ್ಟೆಗಳನ್ನು ಹುಡುಕಿ ತೆಗೆಯುವ ಕೆಲಸ ನಿಮ್ಮದು, ಮರಿ ಎಷ್ಟು ಸಣ್ಣದು ಅಂದರೆ ಬಾಗಿಲ ಸಂದಿಯಲ್ಲೇ ಪಾರಾಗುತ್ತದೆ.

ಟ್ಯಾಂಕ್ ಸೋರುತ್ತದೆ ಅಂತ ಮೂಲೆಗೆ ಹಾಕಿದ್ದರೆ ಒಣ ಜಾಗದ ಪ್ರಾಣಿಗೆ ಅದು ಅಡ್ಡಿಯಲ್ಲ, ಗಾಜು ಬಿರುಕು ಬಿಟ್ಟಿರಬಾರದು ಅಷ್ಟೇ. ಬಿಳಿ ಕಲೆಗೆ ವಿನೆಗರ್ ಹಚ್ಚಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ.

ಇನ್ನೊಂದು ಮಾತು ನಿಮ್ಮ ಉತ್ತರದಲ್ಲಿ ಬರಲೇಬೇಕಿತ್ತು, ಬರಲಿಲ್ಲ. ಯಾವ ಸರೀಸೃಪವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಯಾವುದಕ್ಕೆ ನೋಂದಣಿ ಬೇಕು ಅಂತ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಬೇಕು. ಕಾಡಿನಿಂದ, ತೋಟದಿಂದ ಹಿಡಿದು ತಂದದ್ದು ಯಾವುದೂ ಬೇಡ. ನಕ್ಷತ್ರ ಆಮೆಯನ್ನು ಸಾಕಲೆಂದು ಕದ್ದು ಸಾಗಿಸುವುದು ಎಷ್ಟು ಜಾಸ್ತಿಯಾಯಿತೆಂದರೆ 2019ರಲ್ಲಿ ಅದನ್ನು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಏರಿಸಿ, ದೇಶದೇಶಗಳ ನಡುವಿನ ವ್ಯಾಪಾರವನ್ನೇ ಮುಚ್ಚಬೇಕಾಯಿತು.

ಮುಂದಿನ ಸಲ ಇಂಥ ಪ್ರಶ್ನೆ ಬಂದರೆ ಪ್ರಾಣಿಯ ಹೆಸರು ಹೇಳುವ ಮೊದಲು ಟ್ಯಾಂಕಿನ ಉದ್ದ ಅಗಲ ಎತ್ತರ ಎಷ್ಟು, ಮುಚ್ಚಳ ಯಾವುದು, ಹತ್ತಿರದಲ್ಲಿ ಸರೀಸೃಪ ನೋಡುವ ವೈದ್ಯರು ಇದ್ದಾರಾ ಅಂತ ಅವರನ್ನೇ ಕೇಳಿ. ಆಮೆಮರಿಯ ಉತ್ತರಕ್ಕೆ ಮುಂದಿನ ಪುರವಣಿಯಲ್ಲೇ ಒಂದು ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಓದುಗ