‘ಆಟ ನಿಲ್ಲಿಸು’ ಅನ್ನುವ ಮುನ್ನ

ಮಾನ್ಯರೆ,

ಆನ್‌ಲೈನ್ ಗೇಮ್ ಅಂದೊಡನೆ ಪತ್ರಿಕೆಗಳಲ್ಲಿ ರಮ್ಮಿ, ಬೆಟ್ಟಿಂಗ್, ಸಾಲದ ಸುದ್ದಿಗಳೇ ಬರುತ್ತವೆ. 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು. ಪಣವಿಲ್ಲದೆ, ಬೇಕಿದ್ದರೆ ಚಂದಾ ಕಟ್ಟಿ ಆಡುವ ಆಟಗಳನ್ನು ಅದು ಬೇರೆಯಾಗಿಯೇ ಇಟ್ಟಿದೆ. ಮನೆಗಳಲ್ಲಿ ಮಾತ್ರ ಎರಡೂ ಒಂದೇ ಬುಟ್ಟಿಯಲ್ಲಿವೆ. ಅದರಲ್ಲೂ ಪಾತ್ರಧಾರಿ ಆಟಗಳನ್ನು, ಅಂದರೆ ಒಂದೊಂದು ಪಾತ್ರವಾಗಿ ಬೇರೆಯವರ ಜೊತೆಗೂಡಿ ಆಡುವ ಆಟಗಳನ್ನು, ಆಡುವ ಮಕ್ಕಳಿಗೆ ‘ಗುರುತು ಪರಿಚಯ ಇಲ್ಲದವರ ಜೊತೆ ಅದೇನು ಆಡ್ತೀಯ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಕೂತು ಉತ್ತರ ಹೇಳುವವರು ಕಡಿಮೆ, ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಇಂಥ ಆಟಗಳಲ್ಲಿ ‘ಡಂಜನ್’ ಎಂಬ ಗುಹೆಗಳಿರುತ್ತವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಐದು ಜನ, ಫೈನಲ್ ಫ್ಯಾಂಟಸಿ 14ರಲ್ಲಿ ನಾಲ್ಕು ಜನ ಒಟ್ಟಾಗಿ ಒಳಹೋಗುತ್ತಾರೆ. ಒಬ್ಬರು ಟ್ಯಾಂಕ್, ಅಂದರೆ ಶತ್ರುಗಳ ಏಟನ್ನೆಲ್ಲ ತಮ್ಮ ಮೈಮೇಲೆ ಎಳೆದುಕೊಳ್ಳುವವರು. ಒಬ್ಬರು ಹೀಲರ್, ಗಾಯ ಮಾಯಿಸುವವರು. ಉಳಿದವರು ಡಿಪಿಎಸ್, ಹೊಡೆಯುವವರು. ನಿಮ್ಮ ಪಾತ್ರ ಯಾವುದೆಂದು ಗುರುತು ಹಾಕಿ ಸರದಿಯಲ್ಲಿ ನಿಂತರೆ ಉಳಿದವರನ್ನು ಯಂತ್ರವೇ ಹುಡುಕಿ ಕೂರಿಸುತ್ತದೆ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾದೀತು: ಅರ್ಥಧಾರಿಗಳು ಒಟ್ಟಿಗೆ ಅಭ್ಯಾಸ ಮಾಡಿರುವುದಿಲ್ಲ, ಆದರೆ ಕೃಷ್ಣ ಯಾರು, ಕೌರವ ಯಾರು ಎಂದು ಗೊತ್ತಿರುತ್ತದೆ, ಪ್ರಸಂಗ ಸಾಗುತ್ತದೆ. ಹೊಡೆಯುವ ಪಾತ್ರವನ್ನೇ ಹೆಚ್ಚಿನವರು ಬಯಸುವುದರಿಂದ ಅವರ ಸರದಿ ಉದ್ದ. ಟ್ಯಾಂಕ್ ಆದವರಿಗೆ ಎಷ್ಟೋ ಬಾರಿ ಕಾಯುವ ಮಾತೇ ಇಲ್ಲ. ಆ ಹೊತ್ತಿಗೆ ಯಾವ ಪಾತ್ರ ಕೊರತೆಯಿದೆಯೋ ಅದಕ್ಕೆ ಬಂದವರಿಗೆ ಆಟವೇ ಸ್ವಲ್ಪ ಹೆಚ್ಚುವರಿ ಬಹುಮಾನ ಕೊಡುತ್ತದೆ.

ಮೊದಲು ಹೀಗಿರಲಿಲ್ಲ. 2004ರಲ್ಲಿ ವಾರ್‌ಕ್ರಾಫ್ಟ್ ಬಂದಾಗ ಆಟದೊಳಗಿನ ಪೇಟೆಯಲ್ಲಿ ನಿಂತು ‘ಟ್ಯಾಂಕ್ ಒಬ್ಬರು ಬೇಕು’ ಎಂದು ಚಾಟ್‌ನಲ್ಲಿ ಕೂಗಬೇಕಿತ್ತು. ತಂಡ ಕೂಡಿದ ಮೇಲೆ ಗುಹೆಯ ಬಾಗಿಲಿನವರೆಗೆ ದಾರಿ ಸವೆಸಬೇಕಿತ್ತು. 2009ರ ಡಿಸೆಂಬರ್‌ನಲ್ಲಿ ಬೇರೆ ಬೇರೆ ಸರ್ವರ್‌ಗಳವರನ್ನೂ, ಅಂದರೆ ಆಟ ನಡೆಸುವ ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಸೇರಿದವರನ್ನೂ, ಸೇರಿಸಿ ನೇರ ಒಳಗೇ ಇಳಿಸುವ ವ್ಯವಸ್ಥೆ ಬಂತು. ಗಂಟೆಗಟ್ಟಲೆ ಸಮಯ ಉಳಿಯಿತು, ಜೊತೆಗೆ ಒಂದು ಲಗಾಮೂ ಹೋಯಿತು. ಒಂದೇ ಸರ್ವರ್‌ನಲ್ಲಿ ಇದ್ದಾಗ ಬೇರೆಯವರಿಗೆ ಸಲ್ಲಬೇಕಾದ ಆಯುಧವನ್ನು ಎತ್ತಿಕೊಂಡು ಓಡಿದವನ ಹೆಸರು ಊರೆಲ್ಲ ಹರಡಿ, ಮರುದಿನ ಅವನನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಈಗ ಸಿಕ್ಕವರು ಮತ್ತೆ ಸಿಗುವುದು ಅಪರೂಪ. ಹಾಗಾಗಿ ಬೈದು ಹೋಗುವುದು ಸುಲಭವಾಯಿತು. ಅನುಕೂಲಕ್ಕೆ ತೆತ್ತ ಈ ಬೆಲೆ ಸಣ್ಣದಲ್ಲ ಎಂಬುದು ನಮ್ಮ ಅಭಿಪ್ರಾಯ. ಫೈನಲ್ ಫ್ಯಾಂಟಸಿ 14 ಇದಕ್ಕೊಂದು ಮದ್ದು ಹುಡುಕಿದೆ. ಗುಹೆ ಮುಗಿದಾಗ ಪ್ರತಿಯೊಬ್ಬರೂ ತಂಡದ ಒಬ್ಬರಿಗೆ ಮೆಚ್ಚುಗೆಯ ಮತ ಹಾಕಬಹುದು, ಆದರೆ ತಾವೇ ಕರೆತಂದ ಗೆಳೆಯರಿಗೆ ಹಾಕುವಂತಿಲ್ಲ. ತಂಡದಲ್ಲಿ ಆ ಗುಹೆಗೆ ಮೊದಲ ಸಲ ಬಂದವರಿದ್ದರೆ ಉಳಿದವರಿಗೂ ಹೆಚ್ಚಿನ ಬಹುಮಾನ ಸಿಗುತ್ತದೆ. ಹೊಸಬರನ್ನು ಕಂಡು ಮುಖ ಸಿಂಡರಿಸುವ ಬದಲು ‘ಬನ್ನಿ’ ಅನ್ನುವುದು ಲಾಭವೂ ಆಯಿತು.

ಇದೇ ಫೈನಲ್ ಫ್ಯಾಂಟಸಿ 14ರಲ್ಲಿ ಎಡವಟ್ಟಾಗುವುದು ಎಲ್ಲಿ? ಮೊದಲನೆಯದು, ಟ್ಯಾಂಕ್ ಆದವರು ತಮ್ಮ ‘ಸ್ಟಾನ್ಸ್’ ಗುಂಡಿ ಒತ್ತುವುದನ್ನು ಮರೆಯುವುದು. ಅದು ಒತ್ತದಿದ್ದರೆ ಶತ್ರುಗಳು ಹೀಲರ್ ಕಡೆ, ಹೊಡೆಯುವವರ ಕಡೆ ತಿರುಗುತ್ತವೆ. ಪರದೆಯ ಶತ್ರುಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಗುರುತಿರುತ್ತದೆ. ಕೆಂಪು ಚೌಕವಿದ್ದರೆ ಆ ಶತ್ರುವಿನ ಸಿಟ್ಟು ನಿಮ್ಮ ಮೇಲೆ. ಟ್ಯಾಂಕ್‌ಗೆ ಎಲ್ಲವೂ ಕೆಂಪಾಗಿರಬೇಕು, ಉಳಿದವರಿಗೆ ಯಾವುದೂ ಕೆಂಪಾಗಿರಬಾರದು. ಹೊಡೆಯುವವರಲ್ಲಿ ಯಾರಿಗಾದರೂ ಕೆಂಪು ಕಂಡರೆ ದೂರ ಓಡಬಾರದು, ಟ್ಯಾಂಕ್ ಹತ್ತಿರಕ್ಕೇ ಓಡಬೇಕು. ಓಡಿಹೋದರೆ ಶತ್ರುವೂ ಹಿಂದೆಯೇ ಬರುತ್ತದೆ, ಟ್ಯಾಂಕ್ ಕೈಗೆ ಸಿಗುವುದಿಲ್ಲ. ಹೊಸಬರಲ್ಲಿ ಬಹಳ ಮಂದಿ ಓಡುತ್ತಾರೆ.

ಎರಡನೆಯದು ಆತುರ. ಬಾಸ್, ಅಂದರೆ ಗುಹೆಯ ದೊಡ್ಡ ಶತ್ರುವಿನವರೆಗಿನ ದಾರಿಯಲ್ಲಿ ಶತ್ರುಗಳು ಗುಂಪುಗುಂಪಾಗಿ ನಿಂತಿರುತ್ತವೆ. ಎರಡು ಗುಂಪುಗಳನ್ನು ಒಟ್ಟಿಗೆ ಎಳೆದು ಒಂದೇ ಕಡೆ ಬಡಿದರೆ ಸಮಯ ಉಳಿಯುತ್ತದೆ, ಪಳಗಿದವರು ಹಾಗೇ ಮಾಡುತ್ತಾರೆ. ಆದರೆ ಅದಕ್ಕೆ ಲೆಕ್ಕ ಬೇಕು. ‘ರ‍್ಯಾಂಪಾರ್ಟ್’ ಎಂಬ ರಕ್ಷಣೆ ಏಟಿನ ತೀವ್ರತೆಯನ್ನು 20 ಶೇಕಡಾ ತಗ್ಗಿಸುವುದು 20 ಸೆಕೆಂಡ್ ಮಾತ್ರ, ಮತ್ತೆ ಸಿದ್ಧವಾಗಲು ಮೊದಲು ಒತ್ತಿದಾಗಿನಿಂದ 90 ಸೆಕೆಂಡ್ ಬೇಕು. ಇದ್ದ ರಕ್ಷಣೆಗಳನ್ನೆಲ್ಲ ಒಟ್ಟಿಗೆ ಒತ್ತಿದರೆ ಮೊದಲ 20 ಸೆಕೆಂಡ್ ಹಬ್ಬ, ಆಮೇಲೆ ಹೀಲರ್ ಪಾಡು ನಾಯಿಪಾಡು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಒತ್ತಬೇಕು. ಹೀಲರ್ ಹೊಸಬರಾಗಿದ್ದರೆ ಮೊದಲು ಒಂದೇ ಗುಂಪು ಎಳೆದು ನೋಡಿ, ಟ್ಯಾಂಕ್‌ನ ಜೀವ ಅರ್ಧಕ್ಕಿಂತ ಕೆಳಗೆ ಇಳಿಯದಿದ್ದರೆ ಮುಂದೆ ಎರಡಕ್ಕೆ ಕೈ ಹಾಕಿ.

ಸತ್ತವರು ‘ನನ್ನನ್ನು ಯಾಕೆ ಎಬ್ಬಿಸಲಿಲ್ಲ’ ಎಂದು ರೇಗುವುದೂ ಲೆಕ್ಕ ತಿಳಿಯದ್ದರಿಂದಲೇ. ಹೀಲರ್ ಬಳಿ ಇರುವುದು 10,000 ಮಾನಾ, ಅಂದರೆ ಮಂತ್ರಶಕ್ತಿ. ಒಬ್ಬರನ್ನು ಎಬ್ಬಿಸಲು 2,400 ಬೇಕು, ಮಂತ್ರಕ್ಕೆ 8 ಸೆಕೆಂಡ್ ನಿಂತಲ್ಲೇ ನಿಲ್ಲಬೇಕು. ಆ 8 ಸೆಕೆಂಡ್‌ನಲ್ಲಿ ಟ್ಯಾಂಕ್ ಬಿದ್ದರೆ ಇಡೀ ತಂಡ ಬಿದ್ದ ಹಾಗೆ. ‘ಸ್ವಿಫ್ಟ್‌ಕಾಸ್ಟ್’ ಒತ್ತಿ ತಕ್ಷಣ ಎಬ್ಬಿಸಬಹುದು, ಆದರೆ ಅದು ಮತ್ತೆ ಮತ್ತೆ ಸಿಗುವ ಸವಲತ್ತಲ್ಲ.

ನಮ್ಮ ದೇಶದಿಂದ ಆಡುವವರಿಗೆ ಇನ್ನೊಂದು ತೊಡಕಿದೆ. ಈ ಆಟದ ಸರ್ವರ್‌ಗಳು ಜಪಾನ್, ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿವೆ. ಭಾರತದಲ್ಲಿ ಇಲ್ಲ. ದೂರದಿಂದಾಗಿ ಪಿಂಗ್, ಅಂದರೆ ನಿಮ್ಮ ಚಲನೆ ಸರ್ವರ್‌ಗೆ ತಲುಪಿ ಉತ್ತರ ಮರಳುವ ಸಮಯ, ಹೆಚ್ಚು. ನೆಲದ ಮೇಲೆ ಕಿತ್ತಳೆ ಬಣ್ಣದ ವೃತ್ತ ಮೂಡಿದಾಗ ಏಟು ತಗಲುತ್ತದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಬಾಸ್‌ನ ಮಂತ್ರ ಎಷ್ಟಾಯಿತೆಂದು ತೋರಿಸುವ ಪಟ್ಟಿ ತುಂಬಿದ ಕ್ಷಣದಲ್ಲಿ, ಬೆಂಕಿ ಕಾಣಿಸಿದಾಗಲ್ಲ. ಹಾಗಾಗಿ ‘ಹೊರಗೆ ಬಂದಿದ್ದೆ, ಆದ್ರೂ ಸತ್ತೆ’ ಎಂಬ ದೂರು. ಪಟ್ಟಿ ಮುಕ್ಕಾಲು ತುಂಬುವಷ್ಟರಲ್ಲಿ ಆಚೆ ಇರಿ. ವೈಫೈ ಬಿಟ್ಟು ಕೇಬಲ್ ಹಾಕಿ, ಅದರಿಂದ ಪಿಂಗ್ ಅಷ್ಟೇನೂ ಇಳಿಯದಿದ್ದರೂ ಏರಿಳಿತ ಕಡಿಮೆಯಾಗುತ್ತದೆ. ಕರೆಂಟ್ ಹೋಗುವ ಊರಾದರೆ ರೌಟರ್‌ಗೂ ಯುಪಿಎಸ್ ಬೇಕು.

ಸರ್ವರ್ ಆರಿಸುವಾಗ ಪೋಷಕರೂ ಪಕ್ಕದಲ್ಲಿ ಕೂರುವುದು ಒಳ್ಳೆಯದು, ಕಾರಣ ಗಡಿಯಾರ. ಜಪಾನಿನಲ್ಲಿ ರಾತ್ರಿ 8 ಆದಾಗ ನಮಗೆ ಸಂಜೆ 4.30. ಜರ್ಮನಿ, ಫ್ರಾನ್ಸ್ ಕಡೆ ಚಳಿಗಾಲದಲ್ಲಿ ರಾತ್ರಿ 8 ಅಂದರೆ ನಮಗೆ ನಡುರಾತ್ರಿ 12.30. ಜನ ತುಂಬಿದ ಹೊತ್ತಿನಲ್ಲೇ ತಂಡ ಬೇಗ ಕೂಡುವುದರಿಂದ ಯುರೋಪ್ ಆರಿಸಿದ ಹುಡುಗ ನಿದ್ದೆಗೆಡುತ್ತಾನೆ, ಜಪಾನ್ ಆರಿಸಿದವನು ಊಟದ ಹೊತ್ತಿಗೆ ಮುಗಿಸಬಲ್ಲ. ಭಾಷೆಯ ಭಯ ಬೇಡ. ಪದದ ಮೊದಲ ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದರೆ ಸಿದ್ಧ ಪದಗುಚ್ಛಗಳ ಪಟ್ಟಿ ತೆರೆಯುತ್ತದೆ, ಆರಿಸಿದ್ದು ಜಪಾನಿ ಆಟಗಾರನಿಗೆ ಜಪಾನಿಯಲ್ಲೇ ಕಾಣುತ್ತದೆ. ಒಳಗೆ ಹೋದಾಗ ‘ಯೊರೊಶಿಕು’, ಮುಗಿದಾಗ ‘ಒತ್ಸುಕರೆಸಮಾ’ ಅಂದರೆ ಅಲ್ಲಿನ ಮರ್ಯಾದೆ ಪಾಲಿಸಿದಂತಾಯಿತು.

ಇನ್ನು ಮನೆಮನೆಯ ಜಗಳ: ‘ಊಟಕ್ಕೆ ಬಾ ಅಂದ್ರೆ ಬರಲ್ಲ.’ ಗುಹೆಯನ್ನು ತಡೆದು ನಿಲ್ಲಿಸುವ ಗುಂಡಿ ಇಲ್ಲ. ಸಾಮಾನ್ಯವಾಗಿ 15ರಿಂದ 25 ನಿಮಿಷ ಹಿಡಿಯುತ್ತದೆ. ನಡುವೆ ಎದ್ದು ಹೋದರೆ ಉಳಿದ ಮೂವರ ಆಟ ಕೆಡುತ್ತದೆ, ಹೋದವರಿಗೆ ಅರ್ಧ ಗಂಟೆ ಮತ್ತೆ ಸರದಿ ಸಿಗುವುದಿಲ್ಲ. ಆದ್ದರಿಂದ ‘ಈಗಲೇ ನಿಲ್ಲಿಸು’ ಅನ್ನುವ ಬದಲು ‘ಇನ್ನೆಷ್ಟು ಬಾಸ್ ಬಾಕಿ?’ ಎಂದು ಕೇಳಿ. ಇದು ಕೊನೆಯ ಗುಹೆ ಎಂದು ಮೊದಲೇ ಮಾತಾಗಿದ್ದರೆ ಮತ್ತೆ ಸರದಿ ಹಾಕಲು ಬಿಡಬೇಡಿ, ಆ ವಿಚಾರದಲ್ಲಿ ಮಕ್ಕಳ ಪರ ನಾವು ವಕಾಲತ್ತು ವಹಿಸುವುದಿಲ್ಲ.

ಅಂಜುವ ಮಕ್ಕಳು ನೇರ ಅಪರಿಚಿತರ ನಡುವೆ ಇಳಿಯಬೇಕಿಲ್ಲ. ‘ಹಾಲ್ ಆಫ್ ದಿ ನಾವಿಸ್’ ಎಂಬ ತಾಲೀಮು ಮನೆಯಲ್ಲಿ ಒಬ್ಬರೇ ಪಾತ್ರ ಕಲಿಯಬಹುದು. 2022ರಿಂದ ಮುಖ್ಯ ಕಥೆಯ ಗುಹೆಗಳಿಗೆ ಯಂತ್ರವೇ ನಡೆಸುವ ಜೊತೆಗಾರರನ್ನು ಕರೆದೊಯ್ಯುವ ಅವಕಾಶವೂ ಬಂದಿದೆ. ಅವರು ಬೈಯುವುದೂ ಇಲ್ಲ, ಕಾಯಿಸುವುದೂ ಇಲ್ಲ. 70ನೇ ಹಂತದವರೆಗೆ ಈ ಆಟ ಉಚಿತ, ದಿನಗಳ ಮಿತಿಯಿಲ್ಲ.

ಅಪರಿಚಿತರಿಂದ ಅಪಾಯ ಬರುವುದು ಗುಹೆಯೊಳಗಲ್ಲ, ಅದು ಮುಗಿದ ಮೇಲೆ. ‘ಡಿಸ್ಕಾರ್ಡ್‌ಗೆ ಬಾ, ಮಾತಾಡೋಣ’ (ಡಿಸ್ಕಾರ್ಡ್ ಎಂಬುದು ಆಟದ ಹೊರಗಿನ ಹರಟೆಯ ಆ್ಯಪ್), ‘ಅಗ್ಗಕ್ಕೆ ಚಿನ್ನದ ನಾಣ್ಯ ಕೊಡ್ತೀವಿ, ಈ ಲಿಂಕ್ ಒತ್ತು’, ‘ನಿನ್ನ ಖಾತೆ ಕೊಡು, ಹಂತ ಏರಿಸಿಕೊಡ್ತೀನಿ’. ನಿಜ ಹಣಕ್ಕೆ ಆಟದ ನಾಣ್ಯ ಕೊಂಡರೆ ಖಾತೆಯೇ ನಿಷೇಧವಾಗಬಹುದು, ಲಿಂಕ್ ಒತ್ತಿದರೆ ಪಾಸ್‌ವರ್ಡ್ ಕಳುವಾಗಬಹುದು. ಪ್ರತಿ ಲಾಗಿನ್‌ಗೆ ಒಟಿಪಿ ಕೇಳುವಂತೆ ಇವತ್ತೇ ಮಾಡಿಸಿ. ನಿಜವಾದ ಹೆಸರು, ಶಾಲೆ, ಊರು, ಫೋಟೊ ಯಾರಿಗೂ ಬೇಡ. ಹೊಲಸು ಮಾತಾಡಿದವರ ಹೆಸರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ, ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಟದೊಳಗಿಂದಲೇ ದೂರು ಕೊಡಿ. ಪ್ರತಿಯಾಗಿ ಬೈದರೆ ದೂರಿನ ತೂಕ ಕಡಿಮೆಯಾಗುತ್ತದೆ.

ಪತ್ರಿಕೆಗೂ ಒಂದು ಕೋರಿಕೆ. ‘ಆನ್‌ಲೈನ್ ಗೇಮ್ ಚಟ’ ಎಂದು ಶೀರ್ಷಿಕೆ ಕೊಡುವಾಗ ಅದು ಯಾವ ಆಟ, ಅದರಲ್ಲಿ ಹಣ ಪಣಕ್ಕಿತ್ತೇ ಇಲ್ಲವೇ ಎಂಬ ಎರಡು ಸಂಗತಿಗಳನ್ನಾದರೂ ಮೊದಲ ಪ್ಯಾರಾದಲ್ಲೇ ಅಚ್ಚು ಹಾಕಿ.

ಇತಿ,
ಆಟದ ತಂಡವೊಂದರ ಸದಸ್ಯರು, ಮೈಸೂರು